ಗಾಜಿನ ಕೆಳಗಿನ ಊರು

ಆ ದಿನ ಬೆಳಗಾಗುವಾಗ ಗಾಳಿ ಕಟ್ಟಿಹಾಕಿದಂತೆ ನಿಂತುಬಿಟ್ಟಿತ್ತು. ಅಂಗಳದ ಬೇವಿನ ಮರದಲ್ಲಿ ಒಂದೆಲೆಯೂ ಸದ್ದು ಮಾಡುತ್ತಿರಲಿಲ್ಲ. ಹಿಂದಿನ ದಿನ ಕಾದಿದ್ದ ಕಲ್ಲುಹಾಸು ಇನ್ನೂ ಆರದೆ ನೀಲಗಂಗಾಳ ಅಂಗಾಲಿಗೆ ಬೆಚ್ಚಗೆ ತಾಗಿತು. ಡೋಣಿ ಹೊಳೆಯ ಆಚೆ ಎಲ್ಲೋ ಬಿದ್ದ ಮಳೆಯ ವಾಸನೆ ತೆಳ್ಳಗೆ ಬಂದು, ಬಂದದ್ದು ಹೌದೋ ಅಲ್ಲವೋ ಎನ್ನುವಂತೆ ಹೋಯಿತು. ಹುಟ್ಟಿದಾಗಿನಿಂದ ಕಣ್ಣು ಕಾಣದ ಅವಳಿಗೆ ಮೋಡವೆಂದರೆ ಕಿವಿಯ ಹಿಂದೆ ಬಂದು ಕೂರುವ ಒಂದು ಭಾರ. ಅಂದು ಆ ಭಾರ ಬೆಳಗ್ಗೆಯೇ ಬಂದು ಕೂತಿತ್ತು.

"ಇವತ್ತ ಮಧ್ಯಾಹ್ನದ ಮ್ಯಾಲ ಸಿಡಿಲು ಬೀಳ್ತಾವ ಚಿಗವ್ವಾ" ಎಂದಳು.

"ಹಂಗಂತ ನಿನ್ನ ಯಂತ್ರ ಹೇಳೇತೋ, ನೀ ಹೇಳಾಕತ್ತೀಯೋ?" ಒಳಗಿನಿಂದ ಚಿಗವ್ವ ಕೇಳಿದಳು. ತಾಯಿ ತೀರಿಕೊಂಡ ಮೇಲೆ ನೀಲಗಂಗಾಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು ತಾಯಿಯ ಈ ತಂಗಿಯೇ.

"ನಾನು ಹೇಳಿದ್ದನ್ನ ಯಂತ್ರ ಹೇಳತೈತಿ" ಎಂದು ನೀಲಗಂಗಾ ನಕ್ಕಳು. ಆ ನಗುವಿನಲ್ಲಿ ಸ್ವಲ್ಪ ಬಿಗುಮಾನವಿತ್ತು ಎಂಬುದು ಅವಳಿಗೆ ಆಗ ತಿಳಿಯಲಿಲ್ಲ.

ಸ್ನಾನ ಮುಗಿಸಿ ಮಣೆಯ ಮೇಲೆ ಕೂತು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡಳು. ಉಳಿದವರು ದಿಟ್ಟಿಸಿ ನೋಡುತ್ತಾ ಮಾಡುವ ಪೂಜೆಯನ್ನು ಅವಳು ಅಂಗೈಯ ಚರ್ಮದಿಂದ ಮಾಡುತ್ತಿದ್ದಳು. ತಣ್ಣಗಿನ ಆ ಪುಟ್ಟ ಭಾರ ಮೆಲ್ಲಗೆ ಮೈಯ ಬಿಸಿಗೆ ಬರುವುದು. ಬಂದು, ಯಾವುದು ಅಂಗೈ ಯಾವುದು ಲಿಂಗ ಎಂದು ತಿಳಿಯದಂತಾಗುವುದು. ಅಷ್ಟು ಹೊತ್ತು ಅವಳಿಗೆ ಲೋಕದಲ್ಲಿ ಯಾರ ಹಂಗೂ ಇಲ್ಲ ಎನ್ನಿಸುತ್ತಿತ್ತು.

ಊರ ಹೊರಗೆ, ಎರೆಭೂಮಿಯ ನಡುವೆ, ಸಿಡಿಲುಕಾವಲು ಕೇಂದ್ರವಿತ್ತು. ಆ ಸೀಮೆಯಲ್ಲಿ ಮುಂಗಾರಿಗೆ ಮುಂಚಿನ ಮಳೆಯೆಂದರೆ ಬಯಲಲ್ಲಿದ್ದವರ ಎದೆ ಹಾರುತ್ತಿತ್ತು. ಮರವಿಲ್ಲ, ಮರೆಯಿಲ್ಲ, ಕುರಿ ಮೇಯಿಸುವವರೇ ನೆಲಕ್ಕೆಲ್ಲ ಎತ್ತರ. ಸಿಡಿಲು ಇಳಿಯುವ ಮೊದಲು ಅರ್ಧ ಗಂಟೆಯಷ್ಟು ಹೊತ್ತು ನೆಲದೊಳಗೆ, ಮೋಡದೊಳಗೆ ವಿದ್ಯುತ್ತು ದಾರಿ ಹುಡುಕುತ್ತಾ ತಡಕಾಡುತ್ತದೆ, ಆ ತಡಕಾಟಕ್ಕೂ ಒಂದು ಸದ್ದಿದೆ ಎಂದು ಯಾರೋ ಪುಣ್ಯಾತ್ಮರು ಕಂಡುಕೊಂಡರು. ಅಲ್ಲಿಂದ ಮುಂದೆ ಹೊಲದ ಬದುಗಳ ಮೇಲೆ ಪೊಳ್ಳು ಕಂಬಗಳು ಎದ್ದವು. ಒಳಗೆ ಕೂದಲಿಗಿಂತ ತೆಳ್ಳಗಿನ ಹರಳಿನ ಎಳೆ. ಜನ ಅದನ್ನು ಕಿವಿಗಂಬ ಎಂದು ಕರೆದರು. ಮೇಲೆ ಮೋಡ ಕೂಡಿದಾಗ ಆ ಎಳೆ ಕಂಪಿಸಿ, ಕಾದ ಹಂಚಿನ ಮೇಲೆ ಎಳ್ಳು ಸಿಡಿದಂತೆ ಚಿಟಚಿಟ ಎನ್ನುವುದು. ಆ ಸದ್ದು ಕೇಂದ್ರಕ್ಕೆ ಬಂದು ಸೇರುವುದು. ಚಿಟಚಿಟ ದಟ್ಟವಾದ ಊರಿಗೆ ಕೇಂದ್ರದಿಂದ ಕೊಂಬು ಊದಿದರೆ ಜನ ಕೋಲು ಬಿಸಾಕಿ ಓಡಿಹೋಗಿ ಸೂರು ಸೇರುವರು. ಮೊದಮೊದಲು ಯಂತ್ರವೇ ಊದುತ್ತಿತ್ತು. ಹೆದರುಪುಕ್ಕಲು ಯಂತ್ರ, ಮೋಡದ ಚೂರು ಕಂಡರೂ ಊದಿ ಊದಿ, ಜನ ಓಡುವುದನ್ನೇ ಬಿಟ್ಟರು. ಆಮೇಲೆ, ತೂಗಿ ನೋಡಿ ಊದಲು ಅಲ್ಲೊಬ್ಬ ಮನುಷ್ಯ ಕೂರಲೇಬೇಕು ಎಂದು ತೀರ್ಮಾನವಾಯಿತು.

ಆ ಮನುಷ್ಯನ ಮುಂದೆ ತೆರೆದುಕೊಳ್ಳುವ ತಂತ್ರಾಂಶವನ್ನು ಬರೆದವರು ನೀಲಗಂಗಾ ಮತ್ತು ಮೌಲಾಲಿ. ಇಬ್ಬರಿಗೂ ಕಣ್ಣಿಲ್ಲ. ಬೇರೆಯವರು ಬರೆದಿದ್ದ ಹಳೆಯದರಲ್ಲಿ ಬಣ್ಣಗಳೇ ಬಣ್ಣ. ನೋಡಿ ನೋಡಿ ಕಣ್ಣು ಬಳಲುತ್ತಿತ್ತು. ಇವರದು ಸರಳ. ಊರಿಗೊಂದು ಸಾಲು, ಸಾಲಿನಲ್ಲಿ ಊರ ಹೆಸರು, ಸದ್ದಿನ ದಟ್ಟಣೆ, ಕೊಂಬಿನ ಗುಂಡಿ. ಕಣ್ಣಿದ್ದವರು ನೋಡಿ ಒತ್ತಬಹುದು. ಇಲ್ಲದವರು ಕೇಳಿ ಒತ್ತಬಹುದು. ಸಂಜೆಯ ಪಾಳಿಯಲ್ಲಿ ಮೌಲಾಲಿಯೇ ಕೂತು ಕೇಳಿ ಒತ್ತುತ್ತಿದ್ದ.

ಅವರು ಕೆಲಸ ಮಾಡುವುದನ್ನು ನೋಡಲು ಜನ ಬರುತ್ತಿದ್ದರು. ಸ್ಕ್ರೀನ್ ರೀಡರ್ ಎಂಬುದನ್ನು ಇಬ್ಬರೂ ಪ್ರೀತಿಯಿಂದ ಗಿಳಿ ಎನ್ನುತ್ತಿದ್ದರು. ಕೀಲಿಮಣೆಯ ಮೇಲೆ ಬೆರಳಾಡಿದಂತೆ ಗಿಳಿ ಪರದೆಯ ಮೇಲಿನ ಪ್ರತಿ ಗುಂಡಿಯನ್ನೂ ಪ್ರತಿ ಸಾಲನ್ನೂ ಓದಿ ಹೇಳುವುದು. ಪಳಗಿದ ಕಿವಿಗೆ ಅದು ಮಾತು, ಹೊರಗಿನವರಿಗೆ ಜೇನುಗೂಡಿನ ಗುಂಯ್ ಎಂಬ ಸದ್ದು. ಬಂದವರು ಇನ್ನೊಂದಕ್ಕೂ ಬೆರಗಾಗುತ್ತಿದ್ದರು. ಇಬ್ಬರ ಮೇಜಿನ ಮೇಲೂ ಕೀಲಿಮಣೆ ಇತ್ತು, ಹೆಡ್‌ಫೋನ್ ಇತ್ತು, ಮಾನಿಟರ್ ಮಾತ್ರ ಇರಲಿಲ್ಲ. ನೋಡುವವರಿಲ್ಲದ ಮೇಲೆ ಗಾಜು ಯಾಕೆ? ಮೇಜೂ ಖಾಲಿ, ಕರೆಂಟೂ ಉಳಿತಾಯ.

ಹಾಗಿದ್ದರೂ ಅವರಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಏನು ಬರೆದರೂ ನಿಯಂತ್ರಣ ಕೋಣೆಗೆ ಹೋಗಿ, ಅಲ್ಲಿನ ಗಾಜಿನ ಮುಂದೆ ಕಣ್ಣಿದ್ದವರೊಬ್ಬರನ್ನು ಕೂರಿಸಿ, ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಯವರೆಗೆ ಕಂಡದ್ದೆಲ್ಲವನ್ನೂ ಬಾಯಿಬಿಟ್ಟು ಹೇಳಿಸುವುದು. ಇದಕ್ಕೆ ಕಣ್ಣೆರವಲು ಎಂದು ಹೆಸರಿಟ್ಟಿದ್ದರು. ಎರವಲು ಕೊಡುತ್ತಿದ್ದವನು ಹಗಲುಪಾಳಿಯ ಅಡಿವೆಪ್ಪ. ಬಸ್ ಓಡಿಸಿ ನಿವೃತ್ತನಾಗಿ ಇಲ್ಲಿ ಬಂದು ಸೇರಿದವನು. ರಾತ್ರಿ ಮಳೆಯಲ್ಲಿ ದಾರಿ ಬಿಡದೆ ಓಡಿಸಿದ ತನ್ನ ಕಣ್ಣುಗಳ ಮೇಲೆ ಅವನಿಗೆ ಬಹಳ ಅಭಿಮಾನ. ಕಂಡದ್ದನ್ನು ಕಂಡಂತೆ ಹೇಳುವ ಮನುಷ್ಯ, ನಡುವೆ ತಮಾಷೆಯನ್ನೂ ಸೇರಿಸುವ ಮನುಷ್ಯ. ಒಮ್ಮೆ ರಾಜಧಾನಿಯಿಂದ ಬಂದಿದ್ದ ಅತಿಥಿಗಳು ಹಿಂದೆ ನಿಂತಿದ್ದಾಗ, ಹೊಸ ವಿಂಡೋ ನೋಡಿ ಹೇಳಿದ: "ಕಬ್ಬು ಹೇರಿದ ಟ್ರ್ಯಾಕ್ಟರ್ ಇದ್ದಂಗ ಐತಿ ತಂಗಿ. ಎಲ್ಲಾ ಬಲಕ್ಕ ವಾಲೇತಿ. ತಿರುವಿನಾಗ ಬೀಳತೈತಿ ನೋಡು."

ಅತಿಥಿಗಳು ನಕ್ಕರು. ಅವರ ನಗು ಅಡಿವೆಪ್ಪನ ಮಾತಿಗೋ, ತನ್ನ ಕಾಣದ ಕಣ್ಣಿಗೋ ಎಂದು ನೀಲಗಂಗಾಳಿಗೆ ಬಗೆಹರಿಯಲಿಲ್ಲ. ಅವಳೂ ನಕ್ಕಳು. ಮನೆಗೆ ಬಂದು ಊಟ ಮಾಡದೆ ಮಲಗಿದಳು.

ಆ ತಿಂಗಳೇ ಅವಳು ಕಣ್ಮಣಿ ಎಂಬ ಹೊಸ ಸಾಧನವನ್ನು ತರಿಸಿಕೊಂಡಳು. ಪರದೆಯ ಚಿತ್ರವನ್ನು ತಾನೇ ನೋಡಿ, ಎಲ್ಲಿ ಏನಿದೆ, ಯಾವುದು ವಾಲಿದೆ, ಯಾವುದು ಯಾವುದರ ಮೇಲೆ ಬಿದ್ದಿದೆ ಎಂದು ವಿವರಿಸುವ ಯಂತ್ರ ಅದು. ನಗುವುದಿಲ್ಲ, ಹೋಲಿಕೆ ಕೊಡುವುದಿಲ್ಲ. ಕಣ್ಣೆರವಲು ತಾನಾಗಿಯೇ ನಿಂತಿತು. ಅಡಿವೆಪ್ಪ ಒಂದೆರಡು ಸಲ ಬಂದು, ಏನಾದರೂ ನೋಡಬೇಕಿತ್ತೇ ಎಂದು ವಿಚಾರಿಸಿದ. ಯಂತ್ರ ಬಂದಿದೆ, ನಿಮಗೆ ತೊಂದರೆ ಬೇಡ ಎಂದು ನಯವಾಗಿಯೇ ಹೇಳಿ ಕಳಿಸಿದಳು. ಬೇಸಿಗೆ ಕೊನೆಗೆ ಮೂರು ಹೊಸ ಕುರುಬರ ಹಟ್ಟಿಗಳಿಗೆ ಕಿವಿಗಂಬ ಬಂತು. ಅವುಗಳ ಸಾಲುಗಳನ್ನು ಪಟ್ಟಿಯ ಕೊನೆಗೆ ಸೇರಿಸಿದಳು. ಎಲ್ಲಕ್ಕಿಂತ ಕೊನೆಯದು ಕರೆದಿಣ್ಣಿ. ಗಿಳಿ ಎಲ್ಲವನ್ನೂ ಓದಿತು. ಕಣ್ಮಣಿಯನ್ನು ಕೇಳಿದಳು: ಎಲ್ಲ ಊರೂ ಸ್ಪಷ್ಟವಾಗಿ ಕಾಣುತ್ತವೆಯೇ? ಕಾಣುತ್ತವೆ ಎಂದಿತು.

ಗಾಳಿ ನಿಂತಿದ್ದ ಆ ದಿನ, ಅವಳು ಹೇಳಿದ ಹಾಗೆಯೇ ಮಧ್ಯಾಹ್ನದ ಮೇಲೆ ಸಿಡಿಲು ಬಂತು. ಅಡಿವೆಪ್ಪ ಒಂದಾದ ಮೇಲೊಂದು ಊರಿಗೆ ಕೊಂಬು ಊದಿದ. ಪಕ್ಕದ ಕೋಣೆಯಲ್ಲಿ ಕೂತಿದ್ದ ನೀಲಗಂಗಾ ಅವನ ಬೆರಳಿನ ವೇಗವನ್ನು ಮೆಚ್ಚಿದಳು ಕೂಡ. ಮಳೆ ನಿಂತ ಮೇಲೆ ಫೋನು ಬಂತು. ಕರೆದಿಣ್ಣಿಯಲ್ಲಿ ಕೊಂಬು ಊದಲಿಲ್ಲ. ದಿಣ್ಣೆಯ ಮೇಲೆ ಹಿಂಡಿನ ಜೊತೆ ಇದ್ದ ಬಾಳವ್ವ ಎಂಬ ಹೆಂಗಸಿನ ಮಗ್ಗುಲಲ್ಲೇ ಸಿಡಿಲು ಇಳಿದಿತ್ತು. ಕುರಿಗಳು ಸತ್ತವು. ಬಾಳವ್ವ ಬದುಕಿದಳು, ಎರಡೂ ಕಿವಿ ಹೋದವು.

ವಿಚಾರಣೆ ಮರುದಿನವೇ ನಡೆಯಿತು. ಕೇಂದ್ರದ ಮುಖ್ಯಸ್ಥ ಜೈನಾಪುರ ಸಾಹೇಬರು ಕೆಟ್ಟವರಲ್ಲ, ಆದರೆ ಕಂಡದ್ದನ್ನು ಮಾತ್ರ ನಂಬುವವರು. ತಮ್ಮ ಕೋಣೆಯ ಗೋಡೆಯಗಲದ ಪರದೆಯ ಮೇಲೆ ಅದೇ ವಿಂಡೋ ತೆರೆಸಿ ನೋಡಿದರು. ಕರೆದಿಣ್ಣಿ ಎಲ್ಲಕ್ಕಿಂತ ಕೆಳಗೆ ಸ್ಪಷ್ಟವಾಗಿಯೇ ಇತ್ತು. ಆ ಹೊತ್ತಿಗೆ ಆ ಸಾಲು ಪರದೆಗೆ ಬಂದಿತ್ತು ಎಂದು ತಂತ್ರಾಂಶವೂ ಸಾಕ್ಷಿ ಹೇಳಿತು. ಅಡಿವೆಪ್ಪನನ್ನು ಕೇಳಿದರು. ಅವನು ತನ್ನ ಕಣ್ಣಿಗೆ ಆ ಹೆಸರು ಬೀಳಲಿಲ್ಲ ಎಂದ. ಅಲ್ಲಿದ್ದದ್ದು ಬೀಳದೆ ಹೇಗೆ ಹೋಯಿತು ಎಂದು ಮತ್ತೆ ಕೇಳಿದರು.

"ಇತ್ತಂತ ನೀವು ಅಂದ್ರ ಇದ್ದೀತು ಸಾಹೇಬರ" ಎಂದ ಅಡಿವೆಪ್ಪ. "ಹಂಗಾದ್ರ ನನ್ನ ಕಣ್ಣೇ ತಪ್ಪಿರಬೇಕು. ವಯಸ್ಸಾತು."

ಕೊಂಬುಗಳು ಮಾತು ಕೇಳಬೇಕಾದರೆ ಪಾಳಿಯವರು ಮೇಜಿನಲ್ಲಿ ಒಂದು ಸಣ್ಣ ಹಿತ್ತಾಳೆ ಕೀಲಿಯನ್ನು ತಿರುಗಿಸಬೇಕಿತ್ತು. ಅದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು ರೂಢಿ. ಅಡಿವೆಪ್ಪ ಯಾರೂ ಕೇಳುವ ಮೊದಲೇ ಅದನ್ನು ತೆಗೆದು ಮೇಜಿನ ಮೇಲಿಟ್ಟ. ಬೇರೆಯವರು ಸಿಗುವವರೆಗೆ ಹಗಲುಪಾಳಿ ನೋಡಿಕೊಳ್ಳಿ ಎಂದು ಸಾಹೇಬರು ಅದನ್ನು ನೀಲಗಂಗಾಳ ಕೈಗೆ ಕೊಟ್ಟರು. ಕೀಲಿ ಅವನ ಮೈಯ ಬಿಸಿಯನ್ನು ಇನ್ನೂ ಉಳಿಸಿಕೊಂಡಿತ್ತು.

ಅವನ ಕುರ್ಚಿ ಅವಳ ಮೈಗೆ ದೊಡ್ಡದಾಗಿತ್ತು. ಅವಳಿಗೆ ಗಾಜಿನ ಉಪಯೋಗವಿಲ್ಲ ಎಂದು ಅದನ್ನು ಆರಿಸಿಟ್ಟಿದ್ದರು. ಎರಡು ದಿನ ಗಿಳಿಯ ಮಾತು ಕೇಳುತ್ತಾ ಪಾಳಿ ಮಾಡಿದಳು. ಅಷ್ಟು ಸ್ಪಷ್ಟವಾಗಿ ಕೇಳಿಸುವ ಕರೆದಿಣ್ಣಿ ಅವನಿಗೆ ಹೇಗೆ ಕಾಣಲಿಲ್ಲ ಎಂದು ಯೋಚಿಸಿ, ಪಾಪ ವಯಸ್ಸಾಯಿತು ಎಂದು ಅವಳೂ ಅಂದುಕೊಂಡಳು. ಮೂರನೆಯ ದಿನ ಮೋಡವಿರಲಿಲ್ಲ, ಕೆಲಸವಿರಲಿಲ್ಲ. ಸುಮ್ಮನೆ ಗಿಳಿಯನ್ನು ಕೇಳಿದಳು: ಕರೆದಿಣ್ಣಿಯ ಸಾಲು ಪರದೆಯ ಮೇಲಂಚಿನಿಂದ ಎಷ್ಟು ಕೆಳಗಿದೆ? ಗಿಳಿ ಅಳತೆ ಹೇಳಿತು. ಈ ಗಾಜಿನ ಎತ್ತರವೆಷ್ಟು ಎಂದು ಕೇಳಿದಳು. ಅದನ್ನೂ ಹೇಳಿತು. ಎರಡನೆಯದು ಮೊದಲನೆಯದಕ್ಕಿಂತ ಚಿಕ್ಕದಿತ್ತು.

ಅವಳು ಮತ್ತೆ ಕೇಳಿದಳು. ಗಿಳಿಗೆ ಬೇಸರವಿಲ್ಲ, ಅದನ್ನೇ ಹೇಳಿತು.

ನೀಲಗಂಗಾ ಕೈ ಚಾಚಿ ಗಾಜನ್ನು ಮುಟ್ಟಿದಳು. ಅಂಗೈಯನ್ನು ಮೇಲಿನಿಂದ ಕೆಳಕ್ಕೆ ಜಾರಿಸಿದಳು. ಗಾಜು ಮುಗಿಯಿತು, ಅಂಚಿನ ಪ್ಲಾಸ್ಟಿಕ್ ಬಂತು, ಅದೂ ಮುಗಿದು ಮೇಜಿನ ಮರ ಬಂತು. ಗಿಳಿ ಹೇಳಿದ ಅಳತೆ ಬರುವಷ್ಟರಲ್ಲಿ ಅವಳ ಬೆರಳು ಮರದ ಮೇಲಿತ್ತು. ಕರೆದಿಣ್ಣಿ ಅಲ್ಲಿತ್ತು. ಬಾಳವ್ವ, ಅವಳ ಕುರಿಗಳು, ದಿಣ್ಣೆ, ಎಲ್ಲವೂ ಗಾಜಿನ ಕೆಳಗೆ, ಮರದೊಳಗೆ, ಯಾವ ಕಣ್ಣಿಗೂ ಬೀಳದ ಜಾಗದಲ್ಲಿದ್ದವು.

ಹೇಗಾಯಿತು ಎಂಬುದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳ ಮೇಜಿನ ಮೇಲೆ ಮಾನಿಟರ್ ಇರಲಿಲ್ಲ. ಮಾನಿಟರ್ ಇಲ್ಲದ ಕಂಪ್ಯೂಟರ್ ತನ್ನ ಮುಂದೆ ಬೇಕಾದಷ್ಟು ದೊಡ್ಡ ಗಾಜಿದೆ ಎಂದು ತಾನೇ ಊಹಿಸಿಕೊಂಡಿತ್ತು. ಆ ಇಲ್ಲದ ಗಾಜಿನ ಮೇಲೆ ಎಲ್ಲ ಊರಿಗೂ ಜಾಗವಿತ್ತು. ಕಣ್ಮಣಿ ನೋಡಿದ್ದು ಆ ಇಲ್ಲದ ಗಾಜನ್ನೇ. ಸಾಹೇಬರ ಗೋಡೆಯಗಲದ ಪರದೆಯಲ್ಲೂ ಜಾಗವಿತ್ತು, ಇಲ್ಲಿನ ಗಾಜು ಚಿಕ್ಕದು. ಹಿಡಿಸದ ಸಾಲುಗಳನ್ನು ಸರಿಸಿ ನೋಡುವ ಏರ್ಪಾಟನ್ನು, ಸಾಲುಗಳು ಜಾಗ ಬದಲಿಸಿದರೆ ಕಿವಿಗೆ ಗೊಂದಲ ಎಂದು, ಅವಳೇ ಹಿಂದೆ ತೆಗೆದುಹಾಕಿದ್ದಳು. ಕೊನೆಯ ಮೂರು ಹಟ್ಟಿಗಳೂ ಮರದೊಳಗೇ ಇದ್ದವು. ಉಳಿದೆರಡರ ಮೇಲೆ ಅಂದು ಮೋಡ ಇರಲಿಲ್ಲ, ಅಷ್ಟೇ. ಅಡಿವೆಪ್ಪನನ್ನು ಕರೆದು ಒಂದು ಸಲ ಆ ಕುರ್ಚಿಯಲ್ಲಿ ಕೂರಿಸಿದ್ದರೆ, ಕೆಳಗೆ ಬಲಮೂಲೆಗೆ ಬಂದು, ಇಲ್ಲಿಗೆ ಮುಗೀತು ತಂಗಿ ಎನ್ನುತ್ತಿದ್ದ. ಕರೆದಿಣ್ಣಿ ಎಲ್ಲಿ ಎಂದು ಅವಳು ಕೇಳುತ್ತಿದ್ದಳು. ಅಷ್ಟೇ ಸಾಕಿತ್ತು.

ಅಂದೇ ಕೂತು ತಿದ್ದಿದಳು. ಎರಡು ಸಾಲು ಬರೆದರೆ ಮುಗಿಯುವ ಕೆಲಸ. ಊರುಗಳನ್ನು ಇನ್ನೊಂದು ಗಳಿಗೆಯೂ ಮರದೊಳಗೆ ಬಿಡುವಂತಿರಲಿಲ್ಲ, ಆದ್ದರಿಂದ ತಿದ್ದಿದ್ದು ಸರಿಯೇ. ಆದರೆ ಏನು ತಿದ್ದಿದೆ ಎಂದು ಬರೆಯಬೇಕಾದಲ್ಲಿ ಅವಳ ಬೆರಳು "ಸಣ್ಣ ತಿದ್ದುಪಡಿ" ಎಂದು ಬರೆಯಿತು. ಬರೆದ ಮೇಲೆ ಗಿಳಿ ಅದನ್ನು ಓದಿ ಹೇಳಿತು. ಅದರ ದನಿಯಲ್ಲಿ ಎಂದಿನಂತೆ ಯಾವ ಭಾವವೂ ಇರಲಿಲ್ಲ. ಅವಳ ಕಿವಿ ಬಿಸಿಯಾದವು.

ಸಂಜೆ ಪಾಳಿಗೆ ಬಂದ ಮೌಲಾಲಿ ಹೊಸ ತಿದ್ದುಪಡಿಗಳನ್ನು ಕೇಳಿಸಿಕೊಂಡ. ಅವರಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೇಳಿ ನೋಡುವುದು ನಿಯಮ. ಅವನ ಬೆರಳು ಒಂದೆಡೆ ನಿಂತಿತು. ಹೊರಡಲು ಚೀಲ ಹೆಗಲಿಗೇರಿಸಿದ್ದ ನೀಲಗಂಗಾಳಿಗೆ ಆ ನಿಂತ ಸದ್ದು ಕೇಳಿಸಿತು.

"ಅಕ್ಕಾ, ಇದು ಸಣ್ಣದಲ್ಲ" ಎಂದ.

ಅವಳು ಚೀಲವನ್ನು ಕೆಳಗಿಟ್ಟಳು.

ಮೌಲಾಲಿ ದನಿ ತಗ್ಗಿಸಿದ. ಮುಂದಿನ ವಾರ ರಾಜಧಾನಿಯಿಂದ ಸಮಿತಿ ಬರುವುದಿತ್ತು. ಉಳಿದ ಜಿಲ್ಲೆಗಳ ಕಾವಲು ಕೇಂದ್ರಗಳಿಗೂ ಕಣ್ಣಿಲ್ಲದವರಿಂದಲೇ ತಂತ್ರಾಂಶ ಬರೆಸಬೇಕೇ ಬೇಡವೇ ಎಂದು ತೀರ್ಮಾನಿಸಲು. ಅವನು ರಜಾದಿನಗಳಲ್ಲಿ ಕಲಿಸುತ್ತಿದ್ದ ಅಂಧರ ಶಾಲೆಯಲ್ಲಿ ಎಷ್ಟೋ ಮಂದಿ ಆ ಒಂದು ಮಾತಿಗಾಗಿ ಕಾದಿದ್ದರು. ಈಗ ಇದನ್ನು ಹೇಳಿದರೆ ಸಮಿತಿಯವರು ಎದ್ದು ಕೈ ಮುಗಿದು ಹೋಗುತ್ತಾರೆ ಎಂದ. ಇಷ್ಟೆಲ್ಲ ಹೇಳಿ, ಹೇಳಿದ್ದಕ್ಕೆ ತಾನೇ ನಾಚಿದವನಂತೆ ಕೀಲಿಮಣೆಯನ್ನು ಆಚೆ ಸರಿಸಿದ. ಆಮೇಲೆ ಮೆಲ್ಲಗೆ, "ಅಡಿವೆಪ್ಪಣ್ಣ ಕಣ್ಣಿನ ಡಾಕ್ಟರ್ ಕಡೆ ಹೋಗಿದ್ನಂತ" ಎಂದ. "ಏನೂ ಆಗಿಲ್ಲ ಅಂತ ಅವರಂದ್ರೂ ನಂಬಲಿಲ್ಲಂತ. ಜಗಳಾಡಿ ಚಸ್ಮಾ ಮಾಡಿಸ್ಕೊಂಡಾನ."

"ನೀ ಹೇಳಬ್ಯಾಡ ಅಂತೀಯೇನು?" ಎಂದಳು ಅವಳು.

"ನಾ ಏನೂ ಅನ್ನಂಗಿಲ್ಲ ಅಕ್ಕಾ. ನೀ ಸುಮ್ನಿದ್ರ ನಾನೂ ಸುಮ್ನಿರ್ತೀನಿ. ಆದ್ರ ನಮಾಜಿಗೆ ನಿಂತಾಗ ಏನ್ ಮಾಡ್ಲಿ ಗೊತ್ತಿಲ್ಲ."

ಅಲ್ಲಿಂದ ಮುಂದೆ ನೀಲಗಂಗಾಳ ಪೂಜೆ ಕೆಟ್ಟಿತು. ಅಂಗೈಯಲ್ಲಿ ಲಿಂಗವಿಟ್ಟುಕೊಂಡರೆ ಅದು ಬಿಸಿಯಾಗುವುದೇ ಇಲ್ಲ ಎನ್ನಿಸುತ್ತಿತ್ತು. ಬೆರಳ ತುದಿಯಲ್ಲಿ ಮೇಜಿನ ಮರ ಹತ್ತಿಕೊಂಡಂತೆ ಇರುತ್ತಿತ್ತು. ಮಣೆಯಿಂದ ಬೇಗ ಬೇಗ ಏಳುತ್ತಿದ್ದುದನ್ನು ಚಿಗವ್ವ ಗಮನಿಸಿದಳು. ಮೈಗೆ ಹುಷಾರಿಲ್ಲವೇ ಎಂದು ಕೇಳಿದಳು. ನೀಲಗಂಗಾ ಹೌದೆಂದಳು. ಚಿಗವ್ವ ಕಷಾಯ ಮಾಡಿಕೊಟ್ಟಳು, ಇವಳು ಕುಡಿದಳು. ಹುಷಾರಿಲ್ಲದವಳಂತೆ ಕಷಾಯ ಕುಡಿಯುವುದಕ್ಕೂ ನಾಚಿಕೆಯಾಯಿತು.

ಎಲ್ಲಕ್ಕಿಂತ ಅವಳನ್ನು ತಿಂದದ್ದು ಇದು. ಜನ್ಮವಿಡೀ ಅವಳು ಬೇರೆಯವರ ಬಾಯಿಂದ, ನಿನಗೆ ಕಾಣುವುದಿಲ್ಲ, ನಿನಗೇನು ಗೊತ್ತು ಎಂಬ ಮಾತು ಕೇಳಿದವಳು. ಇದ್ದದ್ದನ್ನು ಇದೆ ಎಂದು ಹೇಳಿದರೂ ಯಾರೂ ನಂಬದ ಸಂಕಟ ಅವಳಿಗೆ ಗೊತ್ತಿತ್ತು. ಈಗ ಒಬ್ಬ ಮನುಷ್ಯ ಇಲ್ಲದ್ದನ್ನು ಕಾಣಲಿಲ್ಲ ಎಂಬ ತಪ್ಪಿಗೆ ತನ್ನ ಎರಡು ಒಳ್ಳೆಯ ಕಣ್ಣುಗಳನ್ನು ನಂಬದೆ ಕೂತಿದ್ದಾನೆ. ಕೂರಿಸಿದವಳು ತಾನು.

ರವಿವಾರ ಆಸ್ಪತ್ರೆಗೆ ಹೋದಳು. ಬಾಳವ್ವನ ಹಾಸಿಗೆಯವರೆಗೆ ದಾದಿ ಕೈಹಿಡಿದು ಬಿಟ್ಟು ಹೋದಳು. ಉಣ್ಣೆಯ, ಮುಲಾಮಿನ ವಾಸನೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಯಾರವ್ವಾ ನೀನು?" ಬಾಳವ್ವ ಕೂಗಿದಳು. ತನ್ನ ದನಿ ತನಗೆ ಕೇಳದವರು ಕೂಗುವ ಹಾಗೆ ಕೂಗಿದಳು. "ಜೋರ ಮಾತಾಡವಾ. ಮಳಿ ಇನ್ನೂ ನಿಂತಿಲ್ಲ, ಆ ಸದ್ದಿನಾಗ ಏನೂ ಕೇಳವಲ್ದು."

ಹೊರಗೆ ಮಳೆಯಿರಲಿಲ್ಲ. ಕಿಟಕಿಯಿಂದ ಒಣ ಬಿಸಿಲಿನ ಝಳ ಬರುತ್ತಿತ್ತು. ಅಂದಿನ ಮಳೆ ಇವಳ ತಲೆಯೊಳಗೆ ಇನ್ನೂ ಸುರಿಯುತ್ತಿದೆ ಎಂದು ನೀಲಗಂಗಾಳಿಗೆ ತಿಳಿಯಿತು. ತನ್ನ ಇಡೀ ಲೋಕ ಯಾವುದರೊಳಗಿದೆಯೋ ಅದು ಈ ಹೆಂಗಸಿಗೆ ಇನ್ನಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಬಾಳವ್ವನ ಕೈ ಹಿಡಿದುಕೊಂಡು, ಎಲ್ಲವನ್ನೂ ಹೇಳಿದಳು. ಟ್ರ್ಯಾಕ್ಟರಿನ ಮಾತು, ಅದಕ್ಕೆ ಬಂದ ಸಿಟ್ಟು, ಮೇಜಿನ ಮೇಲಿಲ್ಲದ ಗಾಜು, ಸಣ್ಣ ತಿದ್ದುಪಡಿ. ತಪ್ಪಾಯಿತು ಎಂದಳು. ಅತ್ತಳು.

ಬಾಳವ್ವ ಅವಳ ಮುಖದ ಮೇಲೆ ಕೈಯಾಡಿಸಿ ಕಣ್ಣೀರು ಮುಟ್ಟಿದಳು. "ಅಳಬ್ಯಾಡ ಮಗಳ" ಎಂದು ಕೂಗಿದಳು. "ಕುರಿ ಹ್ವಾದ್ರ ಹೋಗ್ಲಿ. ಕಣ್ಣ ಅದಾವ ನನಗ. ನಿನಗ ಅವೂ ಇಲ್ಲಂತ ಕಾಣಿಸ್ತೈತಿ, ಪಾಪ."

ಹೊರಗೆ ಬರುವಾಗ ಎದೆ ಸ್ವಲ್ಪ ಹಗುರವಾದಂತಿತ್ತು. ಆ ಹಗುರವೇ ಅವಳನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿತು. ಊರಲ್ಲಿ ಇಷ್ಟು ಜನರಿರುವಾಗ ತಾನು ತಪ್ಪೊಪ್ಪಿಕೊಳ್ಳಲು ಹುಡುಕಿಕೊಂಡು ಬಂದದ್ದು ಯಾರನ್ನು? ಕೇಳಿಸದವಳನ್ನು. ಅವಳ ಕಿವಿ ಹೋದದ್ದು ತನ್ನಿಂದ, ಆ ಹೋದ ಕಿವಿಯ ಆಸರೆಯಲ್ಲೇ ಎದೆ ಹಗುರ ಮಾಡಿಕೊಂಡದ್ದೂ ತಾನು. ಅದರ ಮೇಲೆ ಅವಳಿಂದ ಸಮಾಧಾನವನ್ನೂ ಹೇಳಿಸಿಕೊಂಡು ಬಂದಿದ್ದಳು. ನೀಲಗಂಗಾ ಮೆಟ್ಟಿಲ ಮೇಲೆಯೇ ಕೂತಳು. ಹೋಗಿಬರುವವರು ಸುತ್ತಿ ಹೋಗುತ್ತಿದ್ದರು. ಶಿವನೇ, ನನ್ನನ್ನು ನೋಡಬೇಡ ಎಂದಳು. ನೋಡುವುದೆಂದರೇನೆಂದು ಅರಿಯದವಳ ಬಾಯಲ್ಲಿ ಆ ಮಾತು ಹೇಗೆ ಬಂತೋ.

ಸೋಮವಾರ ಜೈನಾಪುರ ಸಾಹೇಬರ ಮುಂದೆ ಹೇಳಿದಳು. ಅವರು ನಂಬಲಿಲ್ಲ, ತಮ್ಮ ಪರದೆಯ ಮೇಲೆ ಕಂಡಿತ್ತಲ್ಲ ಎಂದರು. ಮೌಲಾಲಿ ತಿದ್ದುಪಡಿಗೆ ಮೊದಲಿನ ತಂತ್ರಾಂಶವನ್ನು ನಿಯಂತ್ರಣ ಕೋಣೆಯ ಗಾಜಿನ ಮೇಲೆ ತೆರೆದುಕೊಟ್ಟ. ಅವನು ಯಾರೂ ಹೇಳದೆಯೇ ತಾನಾಗಿ ಎದ್ದು ಬಂದಿದ್ದ. ಸಾಹೇಬರು ಗಾಜಿನ ಮುಂದೆ ಬಗ್ಗಿ ನೋಡಿದರು. ಅವರ ಉಸಿರು ಒಮ್ಮೆ ನಿಂತು ಹೊರಟದ್ದು ಇಬ್ಬರಿಗೂ ಕೇಳಿಸಿತು. ಸಮಿತಿಯವರ ಮುಂದೆಯೂ ಇದನ್ನು ಹೇಳುತ್ತೀರಾ ಎಂದು ಕೇಳಿದರು. ಹೇಳುತ್ತೇನೆ ಎಂದಳು.

ಸಮಿತಿ ಬಂತು. ಹೇಳಿದಳು. ಅವರಲ್ಲೊಬ್ಬ ಹಿರಿಯರು ಮೆತ್ತಗಿನ ದನಿಯಲ್ಲಿ, ಹಾಗಾದರೆ ಕಣ್ಣಿಲ್ಲದವರಿಗೆ ಈ ಕೆಲಸ ಆಗದು ಎಂದುಕೊಳ್ಳೋಣವೇ ಎಂದರು. ಕಣ್ಣಿಲ್ಲದ್ದಕ್ಕೆ ತಪ್ಪಾದದ್ದಲ್ಲ, ಕೇಳಬೇಕಾದವರನ್ನು ಕೇಳದೆ ಹೋದದ್ದಕ್ಕೆ ತಪ್ಪಾದದ್ದು ಎಂದು ಅವಳು ಉತ್ತರಿಸಿದಳು. ಅದು ನಿಜವೇ ಆಗಿತ್ತು. ಆದರೆ ಸಾಲಾಗಿ ಕೂತ ಆ ಮೌನದಲ್ಲಿ ತನ್ನ ಮಾತು ತನಗೇ ನೆಪದಂತೆ ಕೇಳಿಸಿತು. ಅವರು ಏನನ್ನೂ ತೀರ್ಮಾನಿಸದೆ, ಯೋಚಿಸಿ ತಿಳಿಸುತ್ತೇವೆ ಎಂದು ಹೊರಟರು. ಅಂಧರ ಶಾಲೆಯಲ್ಲಿ ಕಾದಿದ್ದವರಿಗೆ ಏನು ಹೇಳುವುದು ಎಂದು ಮೌಲಾಲಿ ಕೇಳಲಿಲ್ಲ. ಅವಳ ಮೊಣಕೈ ಹಿಡಿದು ಬಾಗಿಲವರೆಗೆ ಬಂದ. ಅಲ್ಲಿಂದ ಅವಳೊಬ್ಬಳೇ ನಡೆದಳು.

ಅಡಿವೆಪ್ಪನ ಮನೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಬಾಗಿಲಲ್ಲಿ ಅವನ ಹೆಂಡತಿ ಕಾಶವ್ವ ಸಿಕ್ಕಳು. ಒಳಗೆ ಕರೆಯುವ ಮೊದಲು ದನಿ ತಗ್ಗಿಸಿ ಹೇಳಿದಳು: ದಿನವಿಡೀ ಮೊರ ಹಿಡಿದು ತೊಗರಿಬೇಳೆ ಆರಿಸುತ್ತಾ ಕೂತಿರುತ್ತಾನೆ, ಆರಿಸಿದ್ದನ್ನೇ ಮತ್ತೆ ಆರಿಸುತ್ತಾನೆ, ಕಲ್ಲು ಸಿಗದಿದ್ದರೆ ತಾನೇ ಅಂಗಳದಿಂದ ಹರಳು ತಂದು ಬೆರೆಸಿ ಹುಡುಕುತ್ತಾನೆ. "ಕಣ್ಣ ಪರೀಕ್ಷಾ ಮಾಡ್ಕೊಳಾಕತ್ತಾನವಾ. ನೋಡಾಕ ಆಗವಲ್ದು" ಎಂದಳು.

ಪಡಸಾಲೆಯಲ್ಲಿ ಬೇಳೆಯ ಮೇಲೆ ಬೆರಳಾಡುವ ಸದ್ದು. ನೀಲಗಂಗಾ ಚಾಪೆಯ ಮೇಲೆ ಕೂತಳು. ಬಂದಿಯಾ ತಂಗಿ, ಚಹಾ ಕುಡಿ ಎಂದ. ದನಿಯಲ್ಲಿ ಹಳೆಯ ತಮಾಷೆ ಇರಲಿಲ್ಲ. ಕೊಂಬು ಸರಿಯಾಗಿ ಊದುತ್ತಿದ್ದೀಯಾ, ಕರೆದಿಣ್ಣಿಯವರಿಗೆ ಒಂದು ಕಣ್ಣಿಡು ಎಂದು ಹೇಳಿ, ಹೇಳಿದ ಮಾತಿಗೆ ತಾನೇ ಮುಜುಗರಪಟ್ಟು ಕೆಮ್ಮಿದ.

"ಅಣ್ಣಾರ, ಕರೆದಿಣ್ಣಿ ಗಾಜಿನ ಮ್ಯಾಲ ಇರಲೇ ಇಲ್ಲ" ಎಂದಳು ನೀಲಗಂಗಾ.

ಬೇಳೆಯ ಸದ್ದು ನಿಂತಿತು.

ಅವಳು ಎಲ್ಲವನ್ನೂ ಹೇಳಿದಳು. ಈ ಸಲ ಎದುರಿಗೆ ಕೇಳಿಸಿಕೊಳ್ಳುವ ಎರಡು ಕಿವಿಗಳಿದ್ದವು. ಪ್ರತಿ ಮಾತೂ ಹೋಗಿ ಅಲ್ಲಿ ಬೀಳುವುದು ಅವಳಿಗೆ ತಿಳಿಯುತ್ತಿತ್ತು. ಗೊತ್ತಾದ ಮೇಲೂ ಅಷ್ಟು ದಿನ ಸುಮ್ಮನಿದ್ದೆ ಎಂಬುದನ್ನೂ ಬಿಡದೆ ಹೇಳಿದಳು. ಅಡಿವೆಪ್ಪ ನಡುವೆ ಬಾಯಿ ಹಾಕಲಿಲ್ಲ. ಬಾಗಿಲ ಹಿಂದೆ ಕಾಶವ್ವನ ಬಳೆ ಒಮ್ಮೆ ಸದ್ದಾಗಿ ಸುಮ್ಮನಾಯಿತು.

"ಹಂಗಾದ್ರ ನನ್ನ ಕಣ್ಣ ಚಲೋ ಅದಾವು" ಎಂದ ಕೊನೆಗೆ. ಯಾರಿಗೂ ಅಲ್ಲ, ತನಗೇ ಹೇಳಿಕೊಂಡಂತೆ. ಕಿವಿಯಿಂದ ಚಸ್ಮಾ ತೆಗೆದು ಮಡಚಿದ ಸಣ್ಣ ಸದ್ದು ಬಂತು.

"ಚಲೋ ಅದಾವ್ರಿ."

"ಆ ಟ್ರ್ಯಾಕ್ಟರ್ ಮಾತಿಗೆ ಇಷ್ಟು ಸಿಟ್ಟ ಬಂದಿತ್ತೇನ ತಂಗಿ? ಬೈದಿದ್ರ ಆಗತಿತ್ತಲ್ಲ. ನಾನೂ ತಿರುಗಿ ಬೈತಿದ್ದೆ. ಅಲ್ಲಿಗೆ ಮುಗೀತಿತ್ತು."

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಹೇಳಲಿ ಎಂದು ಅವಳು ಕಾಯಲೂ ಇಲ್ಲ. ಬಾಳವ್ವನ ಹೆಸರನ್ನು ಇಬ್ಬರೂ ಎತ್ತಲಿಲ್ಲ, ಆದರೆ ಇಬ್ಬರ ನಡುವೆ ಆ ಮೊರದ ಪಕ್ಕದಲ್ಲಿ ಅವಳೂ ಕೂತಿದ್ದಳು.

ಹೊರಗೆ ಗಾಳಿ ಬದಲಾಗುತ್ತಿತ್ತು. ನೀಲಗಂಗಾ ಎರಡೂ ಕೈ ಎತ್ತಿ ಕೊರಳಿನಿಂದ ಕೊಂಬಿನ ಕೀಲಿಯ ದಾರ ತೆಗೆದಳು. ಚಾಪೆಯ ಮೇಲೆ ತಡವುತ್ತಾ ಮುಂದೆ ಸರಿದು, ಬೇಳೆಯ ಧೂಳು ಹತ್ತಿದ ಅವನ ಕೈಯನ್ನು ಹುಡುಕಿ, ಕೀಲಿಯನ್ನು ಅದರೊಳಗಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.